ಆಂಜೆಲುಸ್ ಹೊತ್ತಿನ ಚೀನೀ ಜಾತಕ

"ಹುಟ್ಟಿದ ಹೊತ್ತು ಹೇಳು," ಎಂದ ಚೆನ್.

ಹಂಪನಕಟ್ಟೆಯಲ್ಲಿ ಹಲ್ಲಿನ ಅಂಗಡಿ ಇಟ್ಟಿದ್ದ ಅವನನ್ನು ಊರೆಲ್ಲ ಚೀನಾ ಡಾಕ್ಟರ್ ಎನ್ನುತ್ತಿತ್ತು. ಹಲ್ಲು ಕಿತ್ತಾದ ಮೇಲೆ, ಗಿರಾಕಿಗೆ ಇಷ್ಟವಿದ್ದರೆ, ತನ್ನ ದೇಶದ ಜಾತಕವನ್ನೂ ಬರೆಯುತ್ತಿದ್ದ: ವರ್ಷಕ್ಕೆ ಎರಡು ಅಕ್ಷರ, ತಿಂಗಳಿಗೆ ಎರಡು, ದಿನಕ್ಕೆ, ಹೊತ್ತಿಗೆ ಎರಡೆರಡು. ಮುಂದೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿಲ್ಲ, ನೀನು ಎಂಥವನು ಎನ್ನುವುದನ್ನು ಹೇಳಬಲ್ಲೆ ಎನ್ನುತ್ತಿದ್ದ.

ಹಲ್ಲು ಕೀಳಿಸಲು ಬಂದಿದ್ದ ಡೆನಿಸನಿಗೆ ಬೇಕಾಗಿದ್ದದ್ದು ಅದೇ. ಸೋಮವಾರ ಅವನು ಪಾದ್ರಿಯಾಗಲು ಜೆಪ್ಪುವಿನ ಸೆಮಿನರಿಗೆ ಸೇರಬೇಕಿತ್ತು. ಹುಟ್ಟಿದಾಗ ಅವನು ಅಳಲಿಲ್ಲವಂತೆ. ಇಗರ್ಜಿಯಲ್ಲಿ ಆಂಜೆಲುಸ್ ಪ್ರಾರ್ಥನೆಯ ಗಂಟೆ ಬಡಿದಾಗ ಕಿರುಚಿದನಂತೆ. ತಾಯಿ ಲೂರ್ಡ್ಸ್‌ಬಾಯಿ ಆ ಕ್ಷಣವೇ ಅವನನ್ನು ದೇವರಿಗೆ ಕೊಡುತ್ತೇನೆಂದು ಹರಕೆ ಹೊತ್ತಳು. ಅಂದಿನಿಂದ ನಿನಗೆ ಇಷ್ಟವಿದೆಯೇ ಎಂದು ಯಾರೂ ಅವನನ್ನು ಕೇಳಿರಲಿಲ್ಲ; ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ.

"ಆಂಜೆಲುಸ್ ಹೊತ್ತು. ಮಧ್ಯಾಹ್ನ," ಎಂದ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ.

ಚೆನ್ ತನ್ನ ಪಂಚಾಂಗ ತಿರುವಿ ಬರೆದ. "ಬೆಂಕಿಯ ದಿನ, ಬೆಂಕಿಯ ಹೊತ್ತು. ಗೋಡೆಯೊಳಗೆ ಇಟ್ಟರೆ ಗೋಡೆ ಸುಡ್ತೀ. ನೀನು ಊರೂರು ತಿರುಗುವವ."

ಡೆನಿಸ್ ಖುಷಿಯಿಂದ ನಕ್ಕುಬಿಟ್ಟ. ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತು. ಬೆಂದೂರಿನ ಮನೆಯವರೆಗೆ ಹೇಗೆ ನಡೆದನೋ ಗೊತ್ತಾಗಲಿಲ್ಲ.

"ಮಾಯ್, ನಾನು ಸೋಮವಾರ ಹೋಗುವುದಿಲ್ಲ."

"ಎಂತ? ಹಲ್ಲಿನ ಜೊತೆ ಬುದ್ಧಿಯನ್ನೂ ಕಿತ್ತನಾ ಅವ?" ಎಂದಳು ಲೂರ್ಡ್ಸ್‌ಬಾಯಿ.

"ನಾನು ಬೆಂಕಿಯಂತೆ. ಮಧ್ಯಾಹ್ನ ಹುಟ್ಟಿದವ..."

"ಯಾರು ಮಧ್ಯಾಹ್ನ ಹುಟ್ಟಿದ್ದು?"

"ಆಂಜೆಲುಸ್‌ಗೆ ಅಂತ ನೀನೇ ಹೇಳಿದ್ದಲ್ಲ."

"ದಿನಕ್ಕೆ ಮೂರು ಸಲ ಬಡಿಯುತ್ತದೆ, ಪುತಾ. ನೀನು ಸಂಜೆಯದಕ್ಕೆ ಹುಟ್ಟಿದವ. ಹೋಗು, ಸರಿಯಾದ ಹೊತ್ತು ಹೇಳಿ ಬಾ. ನಿನ್ನ ಚೀನಾದವನೇ ನಿನ್ನನ್ನು ಜೆಪ್ಪುಗೆ ಕಳಿಸಲಿ."

ಶಾಲೆಯ ಅಂಗಳದಲ್ಲಿ ಮಧ್ಯಾಹ್ನದ ಗಂಟೆ ಕೇಳಿದಾಗಲೆಲ್ಲ ಇದು ನನ್ನದು ಎಂದುಕೊಂಡು ಬೆಳೆದವನು ಅವನು. ತಿರುಗಿ ಹಂಪನಕಟ್ಟೆಗೆ ಹೋದ.

ಚೆನ್ ಕೊನೆಯ ಎರಡು ಅಕ್ಷರ ಹೊಡೆದುಹಾಕಿ ಬೇರೆ ಎರಡು ಬರೆದ. "ಈಗ ಬೇರೆ. ಸಂಜೆಯ ಬೆಂಕಿ ಅಂದರೆ ದೀಪ. ಕೂತಲ್ಲೇ ಉರಿಯುತ್ತದೆ. ಒಳ್ಳೆಯ ಪಾದ್ರಿ ಆಗ್ತೀ."

ಸುಳ್ಳು, ಎಂದಿತು ಡೆನಿಸನೊಳಗೆ ಯಾವುದೋ ದನಿ.

ಅವನು ಬೆಚ್ಚಿಬಿದ್ದ. ಅದೇ ಬಾಯಿ, ಅದೇ ಪಂಚಾಂಗ, ಅದೇ ಶಾಯಿ. ಆಗಷ್ಟೇ ಎರಡು ಮಾತಿಗೆ ನಂಬಿದವನು ಈಗ ಯಾಕೆ ನಂಬುತ್ತಿಲ್ಲ? ಹಾಗಾದರೆ ಆಗ ನಂಬಿದ್ದು ಜಾತಕವನ್ನಲ್ಲ. ಇಗರ್ಜಿಯ ಪೂಜೆಯಲ್ಲಿ ಪಾದ್ರಿಯ ಪಕ್ಕ ಗಂಟೆ ಆಡಿಸುತ್ತ ನಿಂತ ದಿನಗಳಲ್ಲೂ ಈ ದನಿ ಒಳಗೆ ಇತ್ತೇ? ಎಷ್ಟು ಕಾಲದಿಂದ? ಅವನು ಕೆನ್ನೆಗೆ ಕೈ ಇಟ್ಟುಕೊಂಡ.

"ಇನ್ನೊಂದು ಹಲ್ಲೂ ನೋಯ್ತದಾ?" ಎಂದ ಚೆನ್.

ಲೂರ್ಡ್ಸ್‌ಬಾಯಿ ಮನೆಯ ಬಾಗಿಲಲ್ಲೇ ಕಾಯುತ್ತಿದ್ದಳು. "ಎಂತ ಹೇಳಿದ?"

"ಹೋಗು ಅಂದ. ಒಳ್ಳೆಯ ಪಾದ್ರಿ ಆಗ್ತೀ ಅಂದ."

"ನೋಡು. ಚೀನಾದವನಿಗೂ ಗೊತ್ತು."

"ನಾನು ಹೋಗುವುದಿಲ್ಲ, ಮಾಯ್."

ಅವಳ ಮುಖದ ನಗು ಹಾಗೆಯೇ ಉಳಿಯಿತು, ಅಳಿಸಲು ಮರೆತವಳಂತೆ. "ಆಗ ಬೆಂಕಿ ಅಂದೆ. ಈಗ ಯಾರ ಹೆಸರು ಹೇಳ್ತೀ?"

"ಯಾರದ್ದೂ ಇಲ್ಲ. ನನಗೆ ಬೇಡ."

"ಹಾಗಾದರೆ ದೇವರಿಗೆ ನೀನೇ ಹೋಗಿ ಹೇಳು. ಮಾತು ಕೊಟ್ಟವಳು ನಾನು. ನನಗೆ ಆ ಮುಖ ಇಲ್ಲ."

"ಹೇಳ್ತೇನೆ," ಎಂದ ಡೆನಿಸ್. ಹೇಳಿದ ಮೇಲೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟ.