ಕೆಂಚಿ ಮೇಯ್ದ ಹುಣಸೆ

ಗದ್ದೆಮ್ಮನ ಸಿಟ್ಟು ಮಸ್ಕಿಗೆಲ್ಲ ಗೊತ್ತಿದ್ದದ್ದೇ. ಬಾವಿಯ ಹತ್ತಿರ ಅವಳ ಕೊಡ ಸರಿಸಿದವರು, ಸಿಂಧನೂರು ಸಂತೆಯಲ್ಲಿ ಅವಳ ಮರಿಯ ಹಲ್ಲು ನೋಡಿ ಮೂಗು ಮುರಿದವರು, ಎಲ್ಲರೂ ಒಂದಲ್ಲ ಒಂದು ದಿನ ಅವಳ ಬಾಯಿಗೆ ಸಿಕ್ಕವರೇ. ಪಕ್ಕದ ಮನೆಯ ಲಾಲ್‌ಬೀಯಂತೂ ನಲವತ್ತು ವರ್ಷದಿಂದ ಸಿಗುತ್ತಲೇ ಇದ್ದಳು. ಆದರೆ ಆ ವರ್ಷದ ಜ್ಯೇಷ್ಠ ಮಾಸದಲ್ಲಿ ಗದ್ದೆಮ್ಮನಿಗೆ ಬಂದ ಸಿಟ್ಟು ಬೇರೆ ಜಾತಿಯದು. ಅದು ಬೈಗುಳವಾಗಿ ಹೊರಗೆ ಬರಲಿಲ್ಲ, ಮೂರು ತಿಂಗಳು ಹೊಟ್ಟೆಯಲ್ಲೇ ಕೂತಿತ್ತು.

ಶುರುವಾದದ್ದು ಆಡುಗಳಿಂದ. ಗುಡ್ಡದ ಗಿಡಗಂಟಿ ಕಾಯಲು ನಿಜಾಮ ಸರ್ಕಾರ ಇಟ್ಟಿದ್ದ ನಾಕೇದಾರ ಗಾಳೆಪ್ಪ ಒಂದು ಮಧ್ಯಾಹ್ನ ಇಬ್ಬರು ಬಿಟ್ಟಿ ಆಳುಗಳನ್ನು ಕರೆದುಕೊಂಡು ಗುಡ್ಡ ಹತ್ತಿದ. ಗದ್ದೆಮ್ಮ ಬುತ್ತಿ ಉಣ್ಣಲು ಹಳ್ಳದ ಕಡೆಗೆ ಇಳಿದಿದ್ದಳು. ಅವಳು ಕೈ ತೊಳೆದು ಬರುವಷ್ಟರಲ್ಲಿ ಒಂಬತ್ತು ಆಡುಗಳೂ ಸರ್ಕಾರಿ ದೊಡ್ಡಿಯ ಒಳಗಿದ್ದವು. ಬೆಲೆಬಾಳುವುದೆಂದು ಅವಳ ಮನೆಯಲ್ಲಿ ಇದ್ದದ್ದು ಆ ಒಂಬತ್ತು ಜೀವ. ಗಂಡ ಸತ್ತ ಮೇಲೆ ಅವಳನ್ನು ಸಾಕಿದವು ಅವೇ.

"ನನ್ನ ಆಡು ಏನ್ ಮಾಡ್ಯಾವಲೇ ನಿನಗ?" ಎಂದು ದೊಡ್ಡಿಯ ಬಾಗಿಲಲ್ಲಿ ನಿಂತು ಕೇಳಿದಳು.

"ಸರ್ಕಾರದ ಗಿಡ ಹಾಳು ಮಾಡ್ಯಾವ," ಎಂದ ಗಾಳೆಪ್ಪ. "ಒಂದ್ ಗಿಡಾನರ ನೆಟ್ಟಗ ಬೆಳ್ಯಾಕ ಬಿಟ್ಟಾವೇನು? ಎಲ್ಲಾ ಕಡದು ಕಡದು ಮೊಣಕಾಲುದ್ದ ಮಾಡಿ ಇಟ್ಟಾವ. ಎಂಟು ದಿನಕ್ಕ ಹರಾಜು."

"ಆಡು ಗಿಡ ಕಡೀಲಾರ್ದ ಕಲ್ಲು ಕಡಿತಾವೇನು?"

"ಅದನ್ನ ಲಿಂಗಸುಗೂರಿಗೆ ಹೋಗಿ ಕೇಳು."

ದೊಡ್ಡಿ ಕಾಯುವ ದಾವಲ್‌ಸಾಬ್ ಮುದುಕ ತಲೆ ತಗ್ಗಿಸಿ ಬೀಗ ಹಾಕಿದ. ಒಳಗಿನಿಂದ ಕೆಂಚಿ ಒದರಿತು. ಕೆಂಚಿ ಎಂದರೆ ಆ ಹಿಂಡಿನ ಹಿರಿಯಳು, ಕೆಂಪು ಮೈ, ಒಂದು ಕಿವಿ ಹರಿದದ್ದು. ಅದು ಮುಂದೆ ನಡೆದರೆ ಉಳಿದ ಎಂಟೂ ಹಿಂದೆ. ಮನೆಗೆ ಬಂದ ಗದ್ದೆಮ್ಮ ಒಲೆ ಹಚ್ಚಲಿಲ್ಲ.

ಮೂರನೆಯ ದಿನ ಗಾಳೆಪ್ಪ ತಾನೇ ಅವಳ ಮನೆಯ ಕಟ್ಟೆಗೆ ಬಂದು ಕೂತ. ಅವನ ಮುಖದಲ್ಲಿ ಠೇಂಕಾರವಿರಲಿಲ್ಲ.

ಸಂಗತಿ ಇಷ್ಟು. ಲಿಂಗಸುಗೂರಿನ ಬಂಗಲೆಗೆ ಹೊಸ ಸಾಹೇಬನೊಬ್ಬ ಬಂದಿದ್ದ. ಅವನು ಹೈದರಾಬಾದಿನಲ್ಲಿ ಯಾವನೋ ನವಾಬನ ಮನೆಯಲ್ಲಿ ಜಪಾನಿನಿಂದ ತಂದ ಒಂದು ಮರವನ್ನು ನೋಡಿದ್ದನಂತೆ. ನೂರು ವರ್ಷದ್ದು, ಆದರೆ ಊಟದ ತಟ್ಟೆಯಂಥ ಕುಂಡದಲ್ಲಿ ಗೇಣುದ್ದ ನಿಂತಿತ್ತಂತೆ. ಅಂದಿನಿಂದ ಸಾಹೇಬನಿಗೆ ನಿದ್ದೆಯಿಲ್ಲ. ಅಂಥದ್ದು ತನಗೂ ಒಂದು ಬೇಕು, ಅದೂ ಕಾಡಿನಲ್ಲಿ ತಾನಾಗಿ ಹುಟ್ಟಿ ಮುದಿಯಾದದ್ದೇ ಬೇಕು. ಬಂಗಲೆಯ ಮಾಲಿ ಇಸ್ಮಾಯಿಲ್‌ಸಾಬ್ ಎರಡು ತಿಂಗಳು ಹಟ್ಟಿಯ ಕಡೆ, ಮುದಗಲ್ಲಿನ ಕಡೆ ಬಂಡೆ ಬಂಡೆ ಸುತ್ತಿ ಬರಿಗೈಯಲ್ಲಿ ಬಂದಿದ್ದ. ಈಗ ಪಾಳಿ ಮಸ್ಕಿಯ ಗುಡ್ಡದ್ದು. ವಾರದೊಳಗೆ ಗಿಡ ಸಿಗದಿದ್ದರೆ ಗಾಳೆಪ್ಪನ ನಾಕೇದಾರಿಕೆಯ ಪಟ್ಟೆ, ಕೋಲು ಎರಡೂ ಹೋಗುತ್ತಿದ್ದವು.

"ಹಳೇದಿರಬೇಕು, ಸಣ್ಣದಿರಬೇಕು. ಗುಡ್ಡ ನಿನ್ನಷ್ಟು ಬಲ್ಲವರು ಯಾರದಾರ? ತೋರ್ಸು ಗದ್ದೆವ್ವ. ಒಂಬತ್ತೂ ಬಿಡ್ತೀನಿ."

ಗದ್ದೆಮ್ಮ ಅವನ ಮುಖವನ್ನೇ ನೋಡಿದಳು. "ಮೊನ್ನಿ ಗಿಡ ಮೊಣಕಾಲುದ್ದ ಮಾಡ್ಯಾವಂತ ಆಡು ಹಿಡದಿ. ಇವತ್ತ ಮೊಣಕಾಲುದ್ದ ಗಿಡಾನ ಬೇಕಂತ ಬಂದಿ. ನಿನಗ ನಾಚಿಕಿ ಅನ್ನೂದು ಐತೇನಲೇ?"

"ನಾಚಿಕಿ ತಗೊಂಡು ಏನ್ ಮಾಡ್ಲಿ? ಆಡು ಬೇಕೋ ಬ್ಯಾಡೋ?"

ಬೇಕಾಗಿದ್ದವು. ಆ ಗಿಡ ಎಲ್ಲಿದೆಯೆಂದೂ ಅವಳಿಗೆ ಗೊತ್ತಿತ್ತು.

ಅಕ್ಷರ ಕೊರೆದ ಬಂಡೆಯನ್ನು ದಾಟಿ ಇನ್ನೂ ಮೇಲೆ ಹೋದರೆ ಎರಡು ಗುಂಡುಬಂಡೆಗಳ ನಡುವೆ ಒಂದು ಸೀಳಿತ್ತು. ಆ ಸೀಳಿನಲ್ಲಿ ಒಂದು ಹುಣಸೆ. ಬುಡ ಒನಕೆಗಿಂತ ದಪ್ಪ, ತೊಗಟೆ ಬಿರುಕು ಬಿಟ್ಟು ಕರ್ರಗಾಗಿತ್ತು, ರೆಂಬೆಗಳು ದೊಡ್ಡ ಮರದ ಹಾಗೆಯೇ ಸುತ್ತ ಹರಡಿದ್ದವು. ಆದರೆ ಎತ್ತರ ಒಂದು ಮೊಳ. ಗದ್ದೆಮ್ಮನ ಅವ್ವ ಹುಡುಗಿಯಾಗಿ ಆಡು ಕಾಯುವಾಗಲೂ ಅದು ಇಷ್ಟೇ ಇತ್ತಂತೆ. ಅವ್ವನ ಆಡುಗಳು ಅದನ್ನು ಮೇಯ್ದವು, ಅವುಗಳ ಮರಿಗಳು ಮೇಯ್ದವು, ಈಗ ಕೆಂಚಿ ಮೇಯುತ್ತಿತ್ತು. ಚಿಗುರು ಬಂದಾಗಲೆಲ್ಲ ಕೆಂಚಿ ಮುಂಗಾಲನ್ನು ಬಂಡೆಗೆ ಕೊಟ್ಟು ನಿಂತು ತುದಿ ತುದಿ ಮಾತ್ರ ಕಡಿದು ಇಳಿಯುತ್ತಿತ್ತು. ಬೇರೆ ಆಡುಗಳಂತೆ ಕಾಂಡದ ಸಿಪ್ಪೆಗೆ ಬಾಯಿ ಹಾಕಿದ್ದು ಒಂದು ದಿನವೂ ಇಲ್ಲ. ಸಿಪ್ಪೆ ಸುಲಿದರೆ ಗಿಡ ಸಾಯುತ್ತದೆಂದು ಅದಕ್ಕೆ ಯಾರು ಹೇಳಿದ್ದರೋ.

ಮರುದಿನ ಗದ್ದೆಮ್ಮ ಮಾಲಿಯನ್ನು ಅಲ್ಲಿಗೆ ಕರೆದೊಯ್ದಳು. ಇಸ್ಮಾಯಿಲ್‌ಸಾಬ್ ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ತೊಗಟೆಯ ಬಿರುಕುಗಳನ್ನು ಬೆರಳಿನಿಂದ ಸವರಿ ನೋಡಿದ.

"ಇದನ್ನ ಯಾರ್ ಬೆಳಸ್ಯಾರವ್ವ?" ಎಂದು ಕೇಳಿದ.

"ನನ್ನ ಆಡು."

ಅವನು ನಗಲಿಲ್ಲ. ನಿಜವೆಂಬಂತೆ ತಲೆ ಆಡಿಸಿದ. ಅದಕ್ಕೇ ಗದ್ದೆಮ್ಮನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ.

ಕೀಳುವುದಕ್ಕೆ ಮೂರು ದಿನ ಹಿಡಿಯಿತು. ಮಾಲಿ ಹಾರೆ ಹಾಕಗೊಡಲಿಲ್ಲ. ಸಣ್ಣ ಉಳಿಯಿಂದ ಬಂಡೆಯ ಅಂಚನ್ನು ಚೂರು ಚೂರೇ ಕೆತ್ತಿ, ಸೀಳಿಗೆ ನೀರು ಸುರಿದು, ಎಳೆಬೇರುಗಳನ್ನು ಕೂಸಿನ ಕೈಯಂತೆ ಬಿಡಿಸಿ, ಒದ್ದೆ ಗೋಣಿತಟ್ಟು ಸುತ್ತಿದ. ಗದ್ದೆಮ್ಮ ಹಳ್ಳದಿಂದ ಕೊಡಗಟ್ಟಲೆ ನೀರು ಹೊತ್ತಳು. ಆಡು ಬಿಡಿಸಿಕೊಳ್ಳಲು ಏನನ್ನಾದರೂ ಹೊರುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ಗಿಡ ಕೆಳಗಿಳಿಯಿತು. ಅದನ್ನು ನೋಡಲೆಂದೇ ಸಾಹೇಬ ಬಂದು ಗುಡ್ಡದ ಬುಡದಲ್ಲಿ ಡೇರೆ ಹಾಕಿಸಿದ್ದ. ಸಾಹೇಬನ ಊಟವಾದ ಮೇಲೆ ದುಡಿದವರಿಗೆಲ್ಲ ರೊಟ್ಟಿ ಮತ್ತು ಮಾಂಸದ ಸಾರು ಬಡಿಸಿದರು. ಹಸಿದಿದ್ದ ಗದ್ದೆಮ್ಮ ಎರಡು ಸಲ ಹಾಕಿಸಿಕೊಂಡು ಉಂಡಳು.

ಸಂಜೆಯ ಬಿಸಿಲಿನಲ್ಲಿ ದೊಡ್ಡಿಗೆ ಹೋದಳು. ದಾವಲ್‌ಸಾಬ್ ಬೀಗ ತೆಗೆದ. ಒಂದೊಂದೇ ಹೊರಗೆ ಬಂದವು. ಎಂಟು ಬಂದವು. ಮುಂದೆ ಬರಬೇಕಾದದ್ದೇ ಬರಲಿಲ್ಲ.

"ಕೆಂಚಿ ಎಲ್ಲಿ, ದಾವಲ್‌ಮಾಮಾ?"

ಮುದುಕ ಬೀಗವನ್ನು ಕೈಯಿಂದ ಕೈಗೆ ದಾಟಿಸಿದ. "ಮುಂಜಾಲಿ ಗಾಳೆಪ್ಪ ಬಂದು ಹೊಡ್ಕೊಂಡು ಹ್ವಾದ. ರೋಗ ಬಂದು ಸತ್ತೈತಿ ಅಂತ ಬರಸ್ಯಾನ. ನಾ ಬ್ಯಾಡಂದೆ ತಾಯಿ. ಸಾಹೇಬರ ಊಟಕ್ಕ ಅಂದ."

ತಾನು ಉಂಡದ್ದು ಏನೆಂದು ಗದ್ದೆಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಬೇಲಿಯ ಪಕ್ಕ ಕೂತು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದಳು. ಎಂಟು ಆಡುಗಳು ಯಾವ ಕಡೆ ಹೋಗಬೇಕೆಂದು ತಿಳಿಯದೆ ಅವಳ ಸುತ್ತ ನಿಂತಿದ್ದವು.

ಅಂದು ಅವಳು ಗಾಳೆಪ್ಪನ ಮನೆಗೆ ಹೋಗಿ ಮಣ್ಣು ತೂರುತ್ತಾಳೆ, ಶಾಪ ಹಾಕುತ್ತಾಳೆ ಎಂದು ಓಣಿಯೆಲ್ಲ ಕಾದಿತ್ತು. ಹೋಗಲಿಲ್ಲ. ಹೋದರೆ ಈ ಎಂಟೂ ಮತ್ತೆ ದೊಡ್ಡಿ ಸೇರುತ್ತವೆ. ಹಲ್ಲು ಕಚ್ಚಿ ಹಿಡಿದು ಸುಮ್ಮನಾದಳು. ಗುಡ್ಡಕ್ಕೆ ಹೋದಾಗ ಎರಡು ಗುಂಡುಗಳ ನಡುವಿನ ಆ ಸೀಳು ಬಾಯಿ ತೆರೆದುಕೊಂಡಿರುತ್ತಿತ್ತು. ಗಿಡವೂ ಇಲ್ಲ, ಆಡೂ ಇಲ್ಲ. ಎರಡನ್ನೂ ತಾನೇ ಕೈಯಾರೆ ಕೊಟ್ಟಂತಾಯಿತಲ್ಲ ಎಂದು ತನ್ನ ಮೇಲೂ ಅವಳಿಗೆ ಸಿಟ್ಟು. ರೊಟ್ಟಿ ತಟ್ಟುವಾಗ ಹಿಟ್ಟನ್ನು ಎಷ್ಟು ಜೋರಾಗಿ ಬಡಿಯುತ್ತಿದ್ದಳೆಂದರೆ ಲಾಲ್‌ಬೀ ಗೋಡೆಯಾಚೆಯಿಂದ ಜಗಳ ತೆಗೆಯುವುದನ್ನೇ ಬಿಟ್ಟಿದ್ದಳು.

ಭಾದ್ರಪದದಲ್ಲಿ ಗಾಳೆಪ್ಪ ಬಂಡಿ ಕಟ್ಟಿಸಿಕೊಂಡು ಬಂದ. ಸಾಹೇಬ ಕರೆಸಿದ್ದಾನೆ, ಈಗಲೇ ಹೊರಡಬೇಕು. ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಅಲ್ಲಿ ನೀ ಬಾಯಿ ಬಿಡಬ್ಯಾಡ. ಸಾಹೇಬರಿಗೆ ಕನ್ನಡ ಬರಂಗಿಲ್ಲ, ನಿನಗ ಅವರ ಮಾತು ಬರಂಗಿಲ್ಲ. ನಾ ಎಲ್ಲಾ ಹೇಳ್ತೀನಿ. ಆಡಿನ ಮಾತು ಎತ್ತೀಯಂದ್ರ ನೋಡು."

ಗದ್ದೆಮ್ಮ ಅವನಿಗೆ ಬೆನ್ನು ಹಾಕಿ, ಬಂಡಿಯ ಹಲಗೆ ಹಿಡಿದು ಕೂತಳು.

ಬಂಗಲೆಯ ಪಡಸಾಲೆಯಲ್ಲಿ ಹೂವಿನ ಚಿತ್ತಾರದ ತಟ್ಟೆಕುಂಡದೊಳಗೆ ಅವಳ ಹುಣಸೆ ನಿಂತಿತ್ತು. ಅದರ ಗುರುತೇ ಸಿಗದಂತಾಗಿತ್ತು. ಗೊಬ್ಬರದ ಸೊಕ್ಕು, ಎರಡು ಹೊತ್ತಿನ ನೀರು, ಮಳೆಗಾಲದ ಹವೆ ಸೇರಿ ಮೈಯೆಲ್ಲ ಉದ್ದುದ್ದ ಚಿಗುರು ಎದ್ದು, ಬಾಚಣಿಗೆ ಕಾಣದ ತಲೆಯಂತಾಗಿತ್ತು. ಅದರ ಮುಂದೆ ಸಾಹೇಬ ಅತ್ತಿಂದಿತ್ತ ಓಡಾಡುತ್ತಿದ್ದ. ಇನ್ನೆಂಟು ದಿನಕ್ಕೆ ಅವನ ಮೇಲಿನ ದೊಡ್ಡ ಸಾಹೇಬ ಈ ಅದ್ಭುತವನ್ನು ನೋಡಲು ಬರುವವನಿದ್ದ. ಇಂಥ ಮರಕ್ಕೆ ಕಬ್ಬಿಣ ಸೋಕಬಾರದೆಂದು ನವಾಬನ ಮನೆಯಲ್ಲಿ ಯಾರೋ ಅವನಿಗೆ ಹೇಳಿದ್ದರಂತೆ. ಹಾಗಾಗಿ ಕತ್ತರಿ ಮುಟ್ಟಿದರೆ ಕೈ ಮುರಿಸುತ್ತೇನೆಂದು ಮಾಲಿಗೆ ತಾಕೀತು ಮಾಡಿದ್ದ. ಪಾಪ, ಇಸ್ಮಾಯಿಲ್‌ಸಾಬ್ ಮೂರು ತಿಂಗಳಿಂದ ಕೈಕಟ್ಟಿಕೊಂಡು ಚಿಗುರು ಎಣಿಸುತ್ತಿದ್ದ.

ಸಾಹೇಬ ಉರ್ದುವಿನಲ್ಲಿ ಅಬ್ಬರಿಸಿದ. ಗಾಳೆಪ್ಪ ಅದನ್ನು ಕನ್ನಡಕ್ಕೆ ತಿರುಗಿಸಿದ. "ಮೋಸ ಮಾಡೀಯಂತ. ಇದು ಕುಳ್ಳ ಜಾತಿ ಗಿಡ ಅಲ್ಲಂತ."

ಗದ್ದೆಮ್ಮ ಗಿಡದ ಹತ್ತಿರ ಹೋಗಿ ಕೂತಳು. "ಗಿಡ ಮೋಸ ಮಾಡಂಗಿಲ್ಲ. ಇದರ ಮ್ಯಾಲ ಒಂದು ಬಾಯಿ ಇತ್ತು. ಆ ಬಾಯಿ ತಪ್ಪೈತಿ, ಅದಕ್ಕ ಬೆಳದೈತಿ."

ಹಾಗೆಂದವಳೇ ಉಗುರಿನಿಂದ ಚಿಗುರು ಚಿವುಟತೊಡಗಿದಳು. ಕೆಂಚಿ ನಿಲ್ಲುತ್ತಿದ್ದ ಕಡೆಯಿಂದಲೇ ಶುರು ಮಾಡಿದಳು. ಎಳೆಯದು ಕೈಗೆ ಬಂತು. ಬಲಿತದ್ದು ಬಾರದಿದ್ದಾಗ ಬಗ್ಗಿ ಹಲ್ಲಿನಿಂದ ಕಚ್ಚಿ ಕಿತ್ತಳು. ಬಾಯಿ ತುಂಬ ಹುಳಿ, ಕಣ್ಣಲ್ಲಿ ನೀರು. ಕಿತ್ತ ಚಿಗುರನ್ನೆಲ್ಲ ಉಡಿಗೆ ತುಂಬಿಕೊಂಡಳು. ಮೊದಲು ಗಾಳೆಪ್ಪ ತಡೆಯಲು ಹೋದ. ಸಾಹೇಬ ಅವನನ್ನು ಕೈಸನ್ನೆಯಿಂದ ನಿಲ್ಲಿಸಿದ. ಯಾಕೆಂದರೆ ಅವನ ಕಣ್ಣೆದುರಿಗೇ ಆ ಪೊದೆಯೊಳಗಿಂದ ಹಳೆಯ ಮರ ಹೊರಗೆ ಬರುತ್ತಿತ್ತು. ಅದೇ ದಪ್ಪ ಬುಡ, ಅದೇ ಹರಡಿದ ರೆಂಬೆ, ಅದೇ ಮೊಳದೆತ್ತರ. ಇಸ್ಮಾಯಿಲ್‌ಸಾಬ್ ಕಂಬಕ್ಕೆ ಒರಗಿ "ಯಾ ಅಲ್ಲಾ" ಎಂದು ಉಸಿರು ಬಿಟ್ಟ.

ಸಾಹೇಬ ಚಪ್ಪಾಳೆ ತಟ್ಟಿದ. ಗಾಳೆಪ್ಪನ ಕಡೆ ತಿರುಗಿ ಖುಷಿಯಿಂದ ಉರ್ದುವಿನಲ್ಲಿ ಏನೇನೋ ಹೇಳಿದ. ಈ ಮುದುಕಿ ಬಹಳ ನಿಯತ್ತಿನವಳು. ಅಂದು ನಮ್ಮ ಊಟಕ್ಕೆ ತನ್ನ ಒಳ್ಳೆಯ ಆಡನ್ನು ನಜರಾಣೆ ಕೊಟ್ಟಳು, ಇಂದು ನಮ್ಮ ಮಾನ ಉಳಿಸಿದಳು. ತಿಂಗಳಿಗೊಮ್ಮೆ ಬಂದು ಇದೇ ಕೆಲಸ ಮಾಡಲಿ. ಇದನ್ನು ಅವಳಿಗೆ ಕಲಿಸಿದವರು ಯಾರು, ಕೇಳು.

ಗಾಳೆಪ್ಪ ಕನ್ನಡದಲ್ಲಿ ಕೊನೆಯದೊಂದನ್ನೇ ಕೇಳಿದ. "ಯಾರ್ ಕಲಿಸ್ಯಾರಂತ ಕೇಳ್ತಾರ."

ಗದ್ದೆಮ್ಮನಿಗೆ ಅವನು ಹೇಳದೆ ಬಿಟ್ಟದ್ದೆಲ್ಲ ಆಗಲೇ ಅರ್ಥವಾಗಿತ್ತು. ನಲವತ್ತು ವರ್ಷ ಲಾಲ್‌ಬೀಯೊಂದಿಗೆ ಅವಳು ಜಗಳವಾಡಿದ್ದು ಯಾವ ಮಾತಿನಲ್ಲಿ, ಈ ಉರ್ದುವಿನಲ್ಲೇ ಅಲ್ಲವೇ? ಸಿಂಧನೂರಿನ ಕಡೆಯಿಂದ ಬಂದ ಗಾಳೆಪ್ಪನಿಗೆ ಅದು ಗೊತ್ತಿರಲಿಲ್ಲ. ನಜರಾಣೆ! ಕದ್ದದ್ದಲ್ಲದೆ ಅದನ್ನು ಅವಳೇ ಪ್ರೀತಿಯಿಂದ ಕೊಟ್ಟಳೆಂದು ಗಾಳೆಪ್ಪ ಹೇಳಿದ್ದಾನೆ. ಮೂರು ತಿಂಗಳ ಸಿಟ್ಟು ಪಾದದಿಂದ ನೆತ್ತಿಗೆ ಏರಿತು. ಆದರೂ ಮೊದಲು ಕನ್ನಡದಲ್ಲೇ ಹೇಳಿದಳು, ಇವನೇನು ಹೇಳುತ್ತಾನೋ ನೋಡೋಣವೆಂದು.

"ಇವರು ತಿಂದ್ರಲ್ಲ, ಅಕಿ ಕಲಿಸ್ಯಾಳ."

ಗಾಳೆಪ್ಪ ಬೆವರು ಒರೆಸಿಕೊಂಡು ಸಾಹೇಬನಿಗೆ ಹೇಳಿದ, ಹಿರಿಯರಿಂದ ಕಲಿತಳಂತೆ ಹುಜೂರ್.

ಗದ್ದೆಮ್ಮ ಉಡಿ ಕಟ್ಟಿಕೊಂಡು ಎದ್ದು ನಿಂತಳು. "ಝೂಟ್ ಬೋಲ್ತಾ ಸಾಬ್ ಇನೇ," ಎಂದಳು. ಬಂಗಲೆಯ ಗೋಡೆಗೆ ಬಡಿಯುವಷ್ಟು ದೊಡ್ಡ ದನಿ. "ಮೈ ನೈ ದೀ. ಇನೇ ಚುರಾಯಾ. ತುಮ್ ಖಾಯೇ ಸೋ ಬಕ್ರೀಚ್ ಮೇರೆಕು ಸಿಕಾಯೀ!"

ಇವನು ಸುಳ್ಳು ಹೇಳುತ್ತಾನೆ, ನಾನು ಕೊಡಲಿಲ್ಲ, ಇವನು ಕದ್ದ, ನೀವು ತಿಂದ ಆಡೇ ನನಗೆ ಕಲಿಸಿದ್ದು ಎಂದರೆ ಯಾವ ಸಾಹೇಬನಿಗೆ ತಾನೇ ಅರ್ಥವಾಗುವುದಿಲ್ಲ? ಕುಂಡದ ಮೇಲಿದ್ದ ಅವನ ಕೈ ಅಲ್ಲೇ ನಿಂತಿತು. ಗಿಡವನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಗಾಳೆಪ್ಪನನ್ನು ನೋಡಿದ. ಗಾಳೆಪ್ಪ ನೆಲ ನೋಡುತ್ತಿದ್ದ.

ಆಡಿನ ಬೆಲೆ ಎಷ್ಟೆಂದು ಸಾಹೇಬ ಮೆಲ್ಲಗೆ ಕೇಳಿದ. ಬೇಡವೆಂದಳು. ಅದರ ಸಾರನ್ನು ತಾನೂ ಉಂಡಿದ್ದೇನೆ, ದುಡ್ಡು ಬೇರೆ ಮುಟ್ಟಿದರೆ ಕೈಗೆ ಹುಳ ಬೀಳುತ್ತದೆ ಎಂದಳು. ಹಾಗಾದರೆ ತಿಂಗಳಿಗೊಮ್ಮೆ ಯಾರು ಬರುತ್ತಾರೆಂದು ಕೇಳಿದ.

"ನಾ ಬರಂಗಿಲ್ಲ," ಎಂದಳು, ಮೊದಲು ಅವನ ಮಾತಿನಲ್ಲಿ, ಆಮೇಲೆ ಗಾಳೆಪ್ಪನಿಗೂ ತಿಳಿಯಲೆಂದು ಕನ್ನಡದಲ್ಲಿ. "ಮೇಯೋ ಬಾಯಿ ಕೊಯ್ದಾಂವ ಇವನ. ಇವನ ಬಾಯಿಲೇ ಮೇಯಿಸ್ರಿ."

ಚಿಗುರು ತುಂಬಿದ ಉಡಿಯೊಂದಿಗೆ ಮೆಟ್ಟಿಲಿಳಿದು ನಡೆದಳು. ಯಾರೂ ತಡೆಯಲಿಲ್ಲ. ಬಂಡಿ ಹತ್ತಲಿಲ್ಲ, ಮಸ್ಕಿಯವರೆಗೂ ನಡೆದೇ ಬಂದಳು.

ಸಾಹೇಬರೆಂದರೆ ಒಮ್ಮೊಮ್ಮೆ ಮಾತನ್ನು ಇದ್ದಂತೆಯೇ ಹಿಡಿಯುವ ಜನ. ದಸರೆ ಮುಗಿದ ಮೇಲೆ ಮಸ್ಕಿಗೆ ಬಂದ ಇಸ್ಮಾಯಿಲ್‌ಸಾಬ್ ಗದ್ದೆಮ್ಮನ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ. ಗಾಳೆಪ್ಪನ ಪಟ್ಟೆ ಹೋಗಿದೆ. ನೌಕರಿ ಪೂರಾ ಕಳೆಯದೆ ಬಂಗಲೆಯಲ್ಲೇ ಇಟ್ಟುಕೊಂಡಿದ್ದಾರೆ. ತಿಂಗಳಿಗೊಮ್ಮೆ ಸಾಲದೆಂದು ಹದಿನೈದು ದಿನಕ್ಕೊಮ್ಮೆ ಪಡಸಾಲೆಯಲ್ಲಿ ಮಂಡಿಯೂರಿ, ಕೈ ಹಿಂದೆ ಕಟ್ಟಿಕೊಂಡು, ಹುಣಸೆಯ ತುದಿ ತುದಿಯನ್ನು ಹಲ್ಲಿನಿಂದ ಕಡಿಯಬೇಕು. ಹುಳಿಗೆ ಹಲ್ಲು ಜುಮುಗುಟ್ಟಿ ರೊಟ್ಟಿ ಮುರಿಯಲೂ ಆಗುತ್ತಿಲ್ಲವಂತೆ.

ಲಾಲ್‌ಬೀ ಗೋಡೆಯಾಚೆ ಬಿದ್ದು ಬಿದ್ದು ನಕ್ಕಳು. ಗದ್ದೆಮ್ಮ ನಗಲಿಲ್ಲ. ಎಂಟು ಆಡುಗಳ ಹಗ್ಗ ಬಿಚ್ಚಿ ಗುಡ್ಡದ ಕಡೆ ಹೊರಟವಳು ಒಮ್ಮೆ ನಿಂತು ತಿರುಗಿದಳು.

"ಸಿಪ್ಪಿಗೆ ಬಾಯಿ ಹಾಕದಂಗ ನೋಡ್ಕೋ ಅಂವನ್ನ," ಎಂದಳು.