ಹೆಸರು ಕೊರೆಸಿದ ತಟ್ಟೆ

ಸಂಧ್ಯಾಳಿಗೆ ಸಿಟ್ಟು ಬರುವುದೇ ಇಲ್ಲ ಎಂದು ಶಿವಮೊಗ್ಗ ವಿದ್ಯಾನಗರದ ಆ ಮನೆಯಲ್ಲಿ ಎಲ್ಲರೂ ನಂಬಿದ್ದರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಆ ನಂಬಿಕೆಗೆ ಕುಂದು ಬಂದಿರಲಿಲ್ಲ. ಅತ್ತೆ ವಿಮಲಾ ನೆಂಟರಿಷ್ಟರ ಮುಂದೆ, "ಬೇರೆ ಜಾತಿಯವಳಾದ್ರೂ ನಮ್ಮ ಸೊಸೆ ಬಾಯಿ ಸತ್ತವಳು, ಪಾಪ" ಎನ್ನುತ್ತಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಸಂಧ್ಯಾ ಕೇಳಲು ಹೋಗಿರಲಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಕಾಲೇಜಿನ ಆಫೀಸಿಗೆ ಹೋಗುವುದು, ಸಂಜೆ ಬಂದು ಮತ್ತೆ ಅಡುಗೆಮನೆ ಹೊಗುವುದು, ಇಷ್ಟರಲ್ಲಿ ಕೇಳುವುದಕ್ಕೆ ಪುರುಸೊತ್ತಾದರೂ ಎಲ್ಲಿ?

ಅಂಥವಳು ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಮನೆಯವರು ಕಿಟಕಿಗೆ ಬಂದು ನಿಲ್ಲುವ ಹಾಗೆ ಕೂಗಾಡಿದಳು. ಕಾರಣ ಕೇಳಿದರೆ ನಗು ಬರುತ್ತದೆ. ಎರಡು ಬಸವನಹುಳು ಸತ್ತಿದ್ದವು.

ನಗುವ ಮೊದಲು ಪೂರ್ತಿ ಕೇಳಿ.

ಸಂಧ್ಯಾಳ ಮಗಳು ಶರಣ್ಯಾಗೆ ಹತ್ತು ವರ್ಷ. ಜೂನ್ ತಿಂಗಳಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಮೂರು ಬಸವನಹುಳು ಸಿಕ್ಕಿದ್ದೇ ತಡ, ದೊಡ್ಡ ಪ್ಲಾಸ್ಟಿಕ್ ಡಬ್ಬದ ಮುಚ್ಚಳಕ್ಕೆ ತೂತು ಹೊಡೆದು, ಒದ್ದೆ ಮಣ್ಣು ಹಾಸಿ ಸಾಕಿಕೊಂಡಳು. ಒಂದಕ್ಕೆ ಗುಂಡ ಎಂದು ಹೆಸರಿಟ್ಟಳು, ಇನ್ನೊಂದಕ್ಕೆ ಪುಟ್ಟ. ಊಟಕ್ಕೆ ಯಾವಾಗಲೂ ಕೊನೆಗೆ ಬರುವ ಮೂರನೆಯದಕ್ಕೆ ನಿಧಾನ. ಯಾವುದಕ್ಕೆ ಏನು ಸೇರುತ್ತದೆ ಎಂದು ದಿನಕ್ಕೊಂದು ಪದಾರ್ಥ ಇಟ್ಟು ನೋಡಿ ನೋಟ್‌ಬುಕ್ಕಿನಲ್ಲಿ ಬರೆದಳು. ಸೌತೆಕಾಯಿ: ಮೂವರೂ ತಿಂದರು. ಬಸಳೆ: ದಂಟು ಬಿಟ್ಟು ಎಲ್ಲ ಖಾಲಿ. ಕರಿಬೇವು: ಮೂಸಿಯೂ ನೋಡಲಿಲ್ಲ. ಕ್ಯಾರೆಟ್: ತಿಂದರು, ಮಾರನೇ ದಿನ ಕಕ್ಕವೂ ಕ್ಯಾರೆಟ್ ಬಣ್ಣ. ಅಪ್ಪ ಸುದರ್ಶನ ತಮಾಷೆಗೆ ಒಂದು ಚಮಚ ಕೋಸಂಬರಿ ಹಾಕಲು ಹೋದಾಗ, "ಉಪ್ಪು ತಾಗಿದ್ರೆ ಸತ್ತೇ ಹೋಗ್ತಾವೆ ಅಪ್ಪಾ!" ಎಂದು ಕಿರುಚಿ ಅವನ ಕೈ ತಳ್ಳಿದ್ದಳು.

ವಿಮಲಾ ಮೊದಲೆರಡು ದಿನ ಮುಖ ಸಿಂಡರಿಸಿದರು. ಮೂರನೆಯ ದಿನ ತಾವೇ ಸೌತೆಕಾಯಿ ತೆಳ್ಳಗೆ ಹೆಚ್ಚಿಕೊಟ್ಟರು. ಆಮೇಲೆ ಅಟ್ಟದಿಂದ ಒಂದು ಸ್ಟೀಲ್ ತಟ್ಟೆ ಇಳಿಸಿದರು. ಅವರ ಮದುವೆಗೆ ತವರಿನಿಂದ ಬಂದದ್ದು, ಅಂಚಿನಲ್ಲಿ 'ವಿಮಲಾ' ಎಂದು ಹೆಸರು ಕೊರೆಸಿದ್ದು.

"ಮಣ್ಣಿನ ಮೇಲೆ ಯಾಕೆ ಹಾಕ್ತೀಯ ಪುಟ್ಟಿ, ತಟ್ಟೇಲಿ ಹಾಕು. ಅವೂ ಜೀವವೇ ಅಲ್ವಾ?" ಎಂದರು.

ಆ ಮಾತು ಸಂಧ್ಯಾಳಿಗೂ ಹಿಡಿಸಿತ್ತು. ಅತ್ತೆ ಕೆಟ್ಟವರಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲು ಅವಳು ಸದಾ ಕಾರಣ ಹುಡುಕುತ್ತಿದ್ದಳು, ಅಂದು ಒಂದು ಸಿಕ್ಕಿತು.

ಜುಲೈ ಹೊತ್ತಿಗೆ ಹುಳುಗಳ ಚಿಪ್ಪಿನ ಅಂಚು ಬೆಳ್ಳಗಾಗಿ ಉದುರತೊಡಗಿತು. ಶಾಲೆಯಿಂದ ತ್ಯಾವರೆಕೊಪ್ಪದ ಸಫಾರಿಗೆ ಹುಲಿ ನೋಡಲು ಹೋದ ಶರಣ್ಯಾ, ಅಲ್ಲಿ ಪ್ರಾಣಿಗಳನ್ನು ನೋಡಿಕೊಳ್ಳುವವರೊಬ್ಬರನ್ನು ಹಿಡಿದು ವಿಚಾರಿಸಿಕೊಂಡು ಬಂದಳು. ರಾತ್ರಿ ಊಟಕ್ಕೆ ಕೂತಾಗ ವರದಿ ಒಪ್ಪಿಸಿದಳು. ಚಿಪ್ಪಿಗೆ ಕ್ಯಾಲ್ಸಿಯಂ ಸಾಲುತ್ತಿಲ್ಲ, ಮೊಟ್ಟೆ ಸಿಪ್ಪೆ ತೊಳೆದು ಪುಡಿ ಮಾಡಿ ಇಡಬೇಕಂತೆ.

ವಿಮಲಾ ಕಲಸುತ್ತಿದ್ದ ಅನ್ನದಿಂದ ಕೈ ತೆಗೆದರು. "ಈ ಮನೆಯೊಳಗೆ ಮೊಟ್ಟೆ ಬರೋ ಹಾಗಿಲ್ಲ."

"ಮೊಟ್ಟೆ ಅಲ್ಲ ಅಜ್ಜಿ, ಸಿಪ್ಪೆ. ಭದ್ರಾವತಿ ಅಜ್ಜಿ ಹತ್ರ ಬೇಕಾದಷ್ಟಿರುತ್ತೆ."

ಇರುತ್ತದೆ, ನಿಜ. ಸಂಧ್ಯಾಳ ತಾಯಿ ಹೂವಮ್ಮ ಭದ್ರಾವತಿಯಲ್ಲಿ ಎಗ್ ರೈಸ್ ಗಾಡಿ ಇಟ್ಟವಳು. ಅದರಿಂದಲೇ ಮಗಳನ್ನು ಡಿಗ್ರಿ ಓದಿಸಿದವಳು.

"ಅಲ್ಲಿಂದ ಅಂತೂ ಬೇಡವೇ ಬೇಡ" ಎಂದರು ವಿಮಲಾ.

ಸಂಧ್ಯಾ ಸಾರಿನ ಸೌಟು ಕೈಗೆ ತೆಗೆದುಕೊಂಡು ಅತ್ತೆಗೆ ಬಡಿಸಿದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ವಿಮಲಾ ಎರಡು ದಿನ ಯೋಚಿಸಿದರು. ಶನಿವಾರ ಉಪಾಯ ಹೊಳೆಯಿತು. ಎಲೆ ಅಡಿಕೆ ತಟ್ಟೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು, ವೀಳ್ಯದೆಲೆಗೆ ಸವರುವಂತೆ ಸೌತೆಕಾಯಿ ಹೋಳುಗಳಿಗೆಲ್ಲ ಸವರಿ, ಹೆಸರು ಕೊರೆಸಿದ ತಟ್ಟೆಯಲ್ಲಿಟ್ಟು, ಸಮಾಧಾನದಿಂದ ಮಲಗಲು ಹೋದರು.

ಅರ್ಧ ದಿನದ ಆಫೀಸು ಮುಗಿಸಿ ಸಂಧ್ಯಾ ಬಂದಾಗ ಶರಣ್ಯಾ ಡಬ್ಬದ ಮುಂದೆ ಬಿಕ್ಕುತ್ತಿದ್ದಳು. ಗುಂಡ, ಪುಟ್ಟ ಇಬ್ಬರೂ ತಟ್ಟೆಯ ಮೇಲೆಯೇ ನೊರೆ ಕಾರಿ, ಚಿಪ್ಪಿನೊಳಕ್ಕೆ ಹೋಗಲೂ ಆಗದೆ ಸತ್ತು ಬಿದ್ದಿದ್ದರು. ನಿಧಾನ ಇನ್ನೂ ತಟ್ಟೆಯ ಅರ್ಧ ದಾರಿಯಲ್ಲಿದ್ದ.

ಗಲಾಟೆ ಕೇಳಿ ಎದ್ದು ಬಂದ ವಿಮಲಾ ಕಂಗಾಲಾದರು. "ಸುಣ್ಣದಲ್ಲೂ ಕ್ಯಾಲ್ಸಿಯಂ ಇಲ್ವೇನೇ? ಬಾಣಂತಿಯರೇ ತಿಂತಾರೆ. ನಾನೇನು ವಿಷ ಹಾಕಿದ್ನಾ?"

"ವಿಷಾನೇ ಅತ್ತೆ! ಒಂದು ಚೂರು ಹೆಚ್ಚಾದ್ರೆ ನಿಮ್ಮ ನಾಲಿಗೇನೇ ಸುಡುತ್ತೆ. ಈ ಮೆತ್ತಗಿರೋ ಜೀವ ಅದರ ಮೇಲೆ ಹರ್ಕೊಂಡು ಹೋಗ್ಬೇಕಲ್ಲ, ಅಷ್ಟೂ ಹೊಳೀಲಿಲ್ವಾ? ಮಗು ಕೇಳಿದ್ದು ಒಂದು ಹಿಡಿ ಸಿಪ್ಪೆ. ನಿಮ್ಮ ಮಡಿ ಉಳೀತಲ್ಲ, ಸಂತೋಷ ಆಯ್ತಾ?"

"ಹುಳ ತಾನೇ, ಬಿಡು ಮಾರಾಯ್ತಿ" ಎಂದ ಸುದರ್ಶನ, ಸೋಫಾದಿಂದಲೇ.

"ನೀವು ಬಾಯಿ ಮುಚ್ಚಿ. ಹನ್ನೆರಡು ವರ್ಷ ಮುಚ್ಚೇ ಇದ್ರಲ್ಲ, ಇವತ್ತೂ ಮುಚ್ಕೊಂಡಿರಿ!"

ಹೇಳಿದ್ದು ತಾನೇ ಎಂದು ಅವಳಿಗೂ ನಂಬಿಕೆ ಬರಲಿಲ್ಲ. ಆದರೆ ನಾಲಿಗೆ ಸಡಿಲಾದ ಮೇಲೆ ಹಗುರವೆನಿಸಿತು. ಡಬ್ಬ, ತಟ್ಟೆ, ಮಗಳು, ಮೂರನ್ನೂ ಎತ್ತಿಕೊಂಡು ಸಿಟಿ ಬಸ್ ಹತ್ತಿ ಸ್ಟ್ಯಾಂಡಿಗೆ ಬಂದು, ಅಲ್ಲಿಂದ ಭದ್ರಾವತಿ ಬಸ್ ಹಿಡಿದಳು. ದಾರಿಯಲ್ಲಿ ಶರಣ್ಯಾ ನೋಟ್‌ಬುಕ್ ತೆಗೆದು ಬರೆದಳು. ಸುಣ್ಣ: ಗುಂಡ ಸತ್ತ, ಪುಟ್ಟ ಸತ್ತ, ನಿಧಾನ ತಿನ್ನಲಿಲ್ಲ. ಅದನ್ನು ಓದಿ ಸಂಧ್ಯಾಳಿಗೆ ಇಳಿದ ಸಿಟ್ಟು ಮತ್ತೆ ಏರಿತು.

ಹೂವಮ್ಮ ಸಂಜೆಯ ಗಾಡಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಮಗಳು ಅತ್ತೆಯನ್ನು ಬಯ್ದದ್ದನ್ನೆಲ್ಲ ಕೇಳಿಸಿಕೊಂಡಳು. ನಿನ್ನೆಯ ಸಿಪ್ಪೆಗಳನ್ನು ತೊಳೆದು, ಕುದಿಸಿ, ಹೆಂಚಿನ ಮೇಲೆ ಗರಿಗರಿಯಾಗುವಷ್ಟು ಒಣಗಿಸಿ, ಕುಟ್ಟಿ, ಟೀ ಜರಡಿಯಲ್ಲಿ ಸೋಸಿದಳು. ಸುಣ್ಣ ಅಂಟಿದ್ದ ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ಮೂರು ಸಲ ತಿಕ್ಕಿದಳು. ತಿಕ್ಕುತ್ತ ಅಂಚಿನ ಅಕ್ಷರ ಕಂಡಿತು.

"ವಿಮಲಾ" ಎಂದು ಕೂಡಿಸಿ ಓದಿದಳು. "ನಿಮ್ಮತ್ತೆ ತಟ್ಟೆನಾ ಇದು?"

"ಹೂಂ ಅವ್ವ. ಅವರೇ ಕೊಟ್ಟಿದ್ರು."

"ಹುಳಾನ ಮನೆ ಒಳಗೇ ಇಟ್ಕೊಂಡಿದ್ರಾ?"

"ಹಾಲಲ್ಲಿ, ಟಿವಿ ಪಕ್ಕ" ಎಂದಳು ಶರಣ್ಯಾ.

ಹೂವಮ್ಮ ತಟ್ಟೆಯನ್ನು ಸೆರಗಿನಿಂದ ಒರೆಸಿ, ಹೊಸ ಸೌತೆಕಾಯಿ ಹೋಳಿನ ಮೇಲೆ ಪುಡಿ ಉದುರಿಸಿ ನಿಧಾನನ ಮುಂದಿಟ್ಟಳು. ಆಮೇಲೆ ಮೊಮ್ಮಗಳಿಗೆ ಕೇಳದ ಹಾಗೆ, ತಣ್ಣಗೆ ಹೇಳಿದಳು. "ನಂಗೆ ಪೇಪರ್ ಲೋಟ."

ಸಂಧ್ಯಾ ಅವಳ ಮುಖ ನೋಡಿದಳು.

"ಹನ್ನೆರಡು ವರ್ಷದಿಂದ ವರಾಂಡದಲ್ಲಿ ಆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಪೇಪರ್ ಲೋಟದಲ್ಲಿ ಟೀ ಕುಡ್ದು ಬಂದೀನಿ. 'ತೊಳೆಯೋ ತಾಪತ್ರಯ ಇಲ್ಲ' ಅಂತಿದ್ರು ನಿಮ್ಮತ್ತೆ. ತಂದು ಕೊಡ್ತಾ ಇದ್ದೋಳು ನೀನು. ಇವತ್ತು ಎರಡು ಹುಳ ಸತ್ತವು ಅಂತ ಓಣಿಗೆಲ್ಲ ಕೇಳೋ ಹಂಗೆ ಕೂಗಿದೀಯ. ನನ್ನ ಪಾಲಿಗೆ ಒಂದ್ಸಲನಾದ್ರೂ ಕೂಗಿದ್ಯೇನೇ?"

ಅತ್ತೆಯ ಮೇಲೆ, ಗಂಡನ ಮೇಲೆ ಕಾರಿದ ಸಿಟ್ಟೆಲ್ಲ ತಿರುಗಿ ಬಂದು ಸಂಧ್ಯಾಳನ್ನೇ ಕಚ್ಚಿತು. ಆ ಲೋಟಗಳ ಕಟ್ಟು ಖಾಲಿಯಾದಾಗ ಅಂಗಡಿಯಿಂದ ಹೊಸದು ತರುತ್ತಿದ್ದವಳೂ ಅವಳೇ.

ಫೋನ್ ಬಡಿದುಕೊಂಡಿತು. ವಿಮಲಾ ಅಳುತ್ತಿದ್ದರು. "ಒಂದಾದ್ರೂ ಉಳೀತೇನೇ? ನನ್ನಿಂದ ತಪ್ಪಾಯ್ತು ಕಣೆ. ಆ ಸಿಪ್ಪೆ ಪುಡಿ ತಗೊಂಡೇ ಬಾ. ಮುಚ್ಚಳ ಇರೋ ಡಬ್ಬೀಲಿ ಇಟ್ರಾಯ್ತು. ಆ ಪ್ರಾಣಿಗೋಸ್ಕರ ನಾನು ಒಪ್ಪಿದೀನಿ."

ನಿನ್ನೆಯಾಗಿದ್ದರೆ ಸಂಧ್ಯಾ ಕರಗಿಬಿಡುತ್ತಿದ್ದಳು.

"ಹುಳಕ್ಕೋಸ್ಕರ ಒಪ್ಪಿದ್ರಿ. ಒಳ್ಳೇದಾಯ್ತು" ಎಂದಳು. "ಇನ್ನೊಂದು ಕೇಳ್ತೀನಿ ಅತ್ತೆ. ನಿಮ್ಮ ತಟ್ಟೆ ಜೊತೆ ಹೆಸರು ಕೊರೆಸಿದ ಲೋಟಾನೂ ಬಂದಿದ್ವಲ್ಲ, ಅಟ್ಟದ ಮೇಲಿದಾವಲ್ಲ? ನಮ್ಮವ್ವ ಬಂದಾಗ ಒಳಗೆ ಕೂರಿಸಿ ಅದ್ರಲ್ಲಿ ಟೀ ಕೊಡ್ತೀರಾ? ಆಮೇಲೆ ಅದನ್ನ ತೊಳೆದು ಮತ್ತೆ ನೀವೂ ಕುಡೀತೀರಾ? ಹೂಂ ಅಂದ್ರೆ ಇವತ್ತೇ ಬರ್ತೀನಿ."

ಅತ್ತ ಅಳು ನಿಂತಿತು.

"ಬಿಡೇ ಸಾಕು" ಎಂದು ಹೂವಮ್ಮ ಕೈಸನ್ನೆ ಮಾಡಿದಳು. ಸಂಧ್ಯಾ ಆಗದೆಂದು ತಲೆಯಾಡಿಸಿ, ಅತ್ತೆಯ ಉತ್ತರಕ್ಕೆ ಕಾಯುತ್ತ ಫೋನನ್ನು ಕಿವಿಯಿಂದ ತೆಗೆಯದೆ ಅಲ್ಲೇ ನಿಂತಳು. ಕೊನೆಯ ಶಿವಮೊಗ್ಗ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.