ದೇವರ ಹತ್ತಿ

ನನ್ನ ಗಂಡ ಬೀಡಿ ಬಿಟ್ಟ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಬಾಣಲೆಯಿಂದ ಬೆಂಕಿಗೆ ಬೀಳುತ್ತಿದ್ದೇವೆಂದು ಗೊತ್ತಿದ್ದರೆ ಆ ತುಪ್ಪವನ್ನು ಅನ್ನಕ್ಕೆ ಹಾಕಿಕೊಂಡು ತಿನ್ನುತ್ತಿದ್ದೆ.

ಇವರು ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಮೀನೂಟದ ಹೋಟೆಲಿನಲ್ಲಿ ಅಡುಗೆಯವರು. ಅಲ್ಲಿ ಎಲ್ಲರಿಗೂ ದೂಜಣ್ಣ. ಕಾಯಿ ಅರೆದು ಹಾಕಿದ ಮೀನಿನ ಗಸಿ ಕುದಿದ ಮೇಲೆ ಸೌಟಿನಿಂದ ಒಂದಿಷ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಇವರು 'ಹ್ಞಾಂ' ಅಂದರೇನೇ ಪಾತ್ರೆ ಒಲೆಯಿಂದ ಇಳಿಯುವುದು. ಆ ನಾಲಿಗೆಯೇ ನಮ್ಮ ಮನೆಯ ಅನ್ನ. ಈಚೆಗೆ ಅದು ಕೈಕೊಡತೊಡಗಿತು. ಉಪ್ಪು ಹೆಚ್ಚಾಗಿ ಗಿರಾಕಿಗಳು ಬಟ್ಟಲುಗಳನ್ನೇ ವಾಪಸು ಕಳಿಸಿದರು. ಮಾಲೀಕ ಅಣ್ಣು ಸೇಟ್ ಒಳ್ಳೆಯ ಮನುಷ್ಯ, ಆದರೂ ಹೇಳಿಯೇಬಿಟ್ಟರು: "ದೂಜಣ್ಣ, ಇನ್ನೊಮ್ಮೆ ಹೀಗಾದ್ರೆ ಗಸಿ ನೋಡ್ಲಿಕ್ಕೆ ಬೇರೆ ಜನ ಇಡಬೇಕಾಗ್ತದೆ." ಬೀಡಿ ಬಿಟ್ಟರೆ ರುಚಿ ತಾನಾಗಿ ತಿರುಗಿ ಬರುತ್ತದೆ ಎಂದರು ಡಾಕ್ಟರು.

ಬೀಡಿ ಹೋಯಿತು, ವೇಪ್ ಎಂಬ ಬ್ಯಾಟರಿ ಸಿಗರೇಟು ಬಂತು. ಯಾರೋ ಗಿರಾಕಿ ತನ್ನ ಹಳೆಯದನ್ನು ಕೊಟ್ಟನಂತೆ, ಜೊತೆಗೆ ಮಾವಿನ ವಾಸನೆಯ ರಸದ ಬಾಟಲಿ. ಇನ್ನೊಬ್ಬನ ಬಾಯಲ್ಲಿದ್ದದ್ದು! ಅದರೊಳಗೆ ಒಂದು ತಂತಿಯ ಸುರುಳಿ, ಸುರುಳಿಯ ಹೊಟ್ಟೆಯಲ್ಲಿ ರಸ ಕುಡಿದ ಹತ್ತಿ. ಗುಂಡಿ ಒತ್ತಿದರೆ ತಂತಿ ಕಾದು ರಸ ಹೊಗೆಯಾಗುತ್ತದೆ. ಕೆಲವೇ ದಿನಗಳಲ್ಲಿ ಸುರುಳಿ ಸುಟ್ಟುಹೋಯಿತು. ಸರಕಾರ ಇದನ್ನು ಮಾರುವುದನ್ನೇ ನಿಷೇಧಿಸಿದ ಮೇಲೆ ಹೊಸ ಸುರುಳಿ ಎಲ್ಲಿಂದ ಬರಬೇಕು?

"ನಾನೇ ಕಟ್ತೇನೆ ಮಾರಾಯ್ತಿ. ಫೋನಲ್ಲಿ ಎಲ್ಲ ತೋರಿಸ್ತಾರೆ," ಎಂದರು.

ಬೈಕುಲ್ಲಾದ ರಿಪೇರಿ ಅಂಗಡಿಯೊಂದರಿಂದ ತಂತಿ ಬಂತು. ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಮನೆಗೆ ಬಂದವರು ಮಲಗುವುದನ್ನು ಬಿಟ್ಟು, ನಾವು ಊಟ ಮಾಡುವ ಮೇಜಿನ ಮೇಲೆಯೇ ಶುರು. ಸ್ಕ್ರೂಡ್ರೈವರಿಗೆ ತಂತಿ ಸುತ್ತುವುದು, ಕಾಯಿಸುವುದು, ಒಂದು ಬದಿ ಮಾತ್ರ ಕೆಂಪಾದರೆ ಚಿಮಟದಿಂದ ಅಮುಕಿ ಸರಿಮಾಡುವುದು, ಆಮೇಲೂ ಆಗದಿದ್ದರೆ ಬಿಚ್ಚಿ ಹೊಸದಾಗಿ ಸುತ್ತುವುದು. ಮನೆಯ ನಲ್ಲಿ ವರ್ಷದಿಂದ ತೊಟ್ಟಿಕ್ಕುತ್ತಿದೆ, ಅದಕ್ಕೆ ಇಲ್ಲದ ತಾಳ್ಮೆ ಇದಕ್ಕೆ!

ಕಡೆಗೊಂದು ದಿನ ತಂತಿ ಇಡಿಯಾಗಿ ಕೆಂಪಾಯಿತು. ಆದರೆ ಹತ್ತಿ ಒಲಿಯಲಿಲ್ಲ. ಒಮ್ಮೆ ಎಳೆದರೆ ಕರಕು ಹೊಗೆ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಇನ್ನೊಮ್ಮೆ ಎಳೆದರೆ ಬಿಸಿ ರಸವೇ ಬಾಯಿಗೆ ಚಿಮ್ಮಿ, ನನ್ನ ಪಾತ್ರೆ ತೊಳೆಯುವ ಸಿಂಕಿಗೆ ಥೂ ಥೂ. ಮೇಜೆಲ್ಲ ಅಂಟು, ಅಂಟಿನ ಮೇಲೆ ಇರುವೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ, ಇವರದು ಕೈಯೂ ಕೆಸರು, ಬಾಯಿಯೂ ಕೆಸರು. ನನಗೆ ಅನ್ನ ಸೇರುತ್ತಿರಲಿಲ್ಲ.

ಆ ಹತ್ತಿ ಎಲ್ಲಿಯದೆಂದು ತಿಳಿದ ದಿನವಂತೂ ಮೈ ಉರಿದುಹೋಯಿತು. ದೀಪದ ಬತ್ತಿಗೆಂದು ನಾನು ಬೀಜ ಬಿಡಿಸಿ ಡಬ್ಬಿಯಲ್ಲಿಟ್ಟದ್ದು!

"ದೇವರ ಹತ್ತಿಯನ್ನು ಆ ಎಂಜಲಿಗೆ ತುರುಕ್ತೀರಲ್ಲ, ನಾಚಿಕೆ ಆಗುದಿಲ್ವಾ ನಿಮಗೆ?"

"ಶುದ್ಧ ಹತ್ತಿ ಬೇಕಂತೆ ವಾರಿಜಾ. ಇದಕ್ಕಿಂತ ಶುದ್ಧ ಎಲ್ಲುಂಟು?"

ತಪ್ಪೆಲ್ಲಿ ಎಂದು ನನಗೆ ನೋಡಿದ ಕೂಡಲೇ ತಿಳಿದಿತ್ತು. ಬತ್ತಿ ಬಿಗಿಯಾದರೆ ಎಣ್ಣೆ ಏರದೆ ಕರಕಾಗುತ್ತದೆ, ಸಡಿಲಾದರೆ ಎಣ್ಣೆ ಸೋರುತ್ತದೆ. ದಿನಾ ಸಂಜೆ ಬತ್ತಿ ಹೊಸೆಯುವವಳಿಗೆ ಇದೇನು ಮಹಾ ವಿದ್ಯೆಯೇ? ಆದರೆ ಹೇಳಲಿಲ್ಲ. ಸೋತು ಸುಸ್ತಾಗಿ ಬಿಡಲಿ ಎಂದುಕೊಂಡೆ.

ಸೋತರು ನಿಜ. ಸೋತವರು ಎದ್ದು ಹೋಗಿ, ಗ್ಯಾಸ್ ಸಿಲಿಂಡರಿನ ಹಿಂದಿನಿಂದ ಬೀಡಿಯ ಕಟ್ಟು ತೆಗೆದರು. ಹಾಗಾದರೆ ಅದನ್ನು ಬಿಸಾಡಿರಲೇ ಇಲ್ಲ! ನಾನು ಕಟ್ಟನ್ನು ಕಿತ್ತುಕೊಂಡೆ. ಎರಡು ಹೊಲಸುಗಳಲ್ಲಿ ಒಂದನ್ನು ಆರಿಸಬೇಕಾಗಿತ್ತು. ಮೇಜಿನ ಮುಂದೆ ಕುಳಿತು, ಮೂಗು ಮುರಿಯುತ್ತಲೇ, ಹದವಾದ ಬತ್ತಿಯೊಂದನ್ನು ಹೊಸೆದು ಸುರುಳಿಯೊಳಗೆ ಎಳೆದುಕೊಟ್ಟೆ.

ರಸ ಹಾಕಿ ಎಳೆದರು. ಕೆಮ್ಮಲಿಲ್ಲ, ಉಗುಳಲಿಲ್ಲ. ಬಿಳಿ ಹೊಗೆ ಅಡುಗೆಮನೆ ತುಂಬಿತು.

"ಭಾರೀ ಲಾಯ್ಕ್ ಬಂತು ಮಾರಾಯ್ತಿ! ನಿನ್ನ ಕೈಗುಣ!"

ಕೊಳೆತ ಮಾವಿನಹಣ್ಣಿನ ಮೇಲೆ ಸೆಂಟು ಚೆಲ್ಲಿದಂಥ ಆ ವಾಸನೆಗೆ ನನಗೆ ವಾಕರಿಕೆ ಬಂತು. ಇವರು ಮಾತ್ರ ಮಗುವಿನಂತೆ ನಗುತ್ತಿದ್ದರು. ಅಂದಿನಿಂದ ಅದು ಬಾಯಿ ಬಿಟ್ಟು ಇಳಿದದ್ದೇ ಇಲ್ಲ. ಬತ್ತಿ ಕಪ್ಪಾದಾಗಲೆಲ್ಲ ನನ್ನ ಮುಂದೆ ತಂದಿಡುವರು, ನಾನು ಬೈಯುತ್ತ ಹೊಸೆದು ಕೊಡುವೆ.

ಒಂದು ಬೆಳಿಗ್ಗೆ ಮನೆಯಲ್ಲಿ ಬಂಗುಡೆ ಗಸಿ ಮಾಡಿದ್ದೆ. ಹೋಟೆಲಿಗೆ ಹೊರಟು ನಿಂತವರು ಅಭ್ಯಾಸದಂತೆ ಅಂಗೈ ಚಾಚಿದರು. ಸೌಟಿನಿಂದ ಬಿಟ್ಟೆ. ನೆಕ್ಕಿ, ಕಣ್ಣು ಮುಚ್ಚಿ, ತಲೆಯಾಡಿಸಿದರು.

"ಮಾವಿನಕಾಯಿ ಹಾಕಿದಿಯಾ? ಬಂಗುಡೆಗೆ ಚೆಂದ ಹಿಡಿದಿದೆ."

ನಾನು ಪಾತ್ರೆಯೊಳಗೆ ಇಣುಕಿದೆ. "ಹುಣಸೆಹುಳಿ ಅದು. ಈ ತಿಂಗಳಲ್ಲಿ ಮಾವಿನಕಾಯಿ ಎಲ್ಲುಂಟು?"

ಇವರು ಇನ್ನೊಮ್ಮೆ ನೆಕ್ಕಿದರು. ನಗು ಇಳಿಯಿತು. ಆಮೇಲೆ ಏನೂ ಹಾಕಿರದ ಇನ್ನೊಂದು ಅಂಗೈಯನ್ನು ಬಾಯಿಗೆ ತಂದು ನೆಕ್ಕಿದರು.

"ಇದರಲ್ಲೂ ಮಾವೇ," ಎಂದರು ಮೆಲ್ಲಗೆ.

ಇಷ್ಟು ದಿನ ಎಲ್ಲಕ್ಕೂ ಹೇಸಿಗೆಪಟ್ಟ ನನಗೆ ಆಗ ಹೇಸಿಗೆಯಾಗಲಿಲ್ಲ. ಭಯವಾಯಿತು.

ಇವರು ಕುರ್ಚಿಯಲ್ಲಿ ಕುಳಿತು ಫೋನ್ ತೆಗೆದರು. "ಸೇಟ್, ಇವತ್ತು ಗಸಿಯ ಉಪ್ಪು ಬೇರೆ ಯಾರಾದ್ರೂ ನೋಡ್ಲಿ. ನನಗೆ ಗೊತ್ತಾಗುದಿಲ್ಲ." ಆ ಕಡೆಯಿಂದ ಅಣ್ಣು ಸೇಟ್ ಏನೋ ಕೇಳುತ್ತಿರುವಾಗಲೇ ಇವರು ಫೋನ್ ಇಟ್ಟರು. ಜೇಬಿನಿಂದ ವೇಪ್ ತೆಗೆದು ನನ್ನ ಕೈಗೆ ಹಾಕಿದರು.

"ನೀನೇ ಬಿಸಾಡು. ನಾನು ಬಿಸಾಡಿದ್ರೆ ಪುನಃ ಹೆಕ್ಕಿ ತರ್ತೇನೆ."

ಬಿಲ್ಡಿಂಗಿನ ಕೆಳಗಿನ ಕಸದ ಡಬ್ಬದವರೆಗೆ ಹೋಗಿ ಎಸೆದು ಬಂದೆ. ಒಳಗಿದ್ದದ್ದು ನಾನೇ ಹೊಸೆದ ಬತ್ತಿ. ಸಾಬೂನು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದೆ. ಸಂಜೆ ದೀಪ ಹಚ್ಚುವಾಗಲೂ ಬೆರಳಿಗೆ ಮಾವಿನದೇ ವಾಸನೆ.